ಮೇಲ್ನೀರಿನವರು

ಕೊಟ್ಟಾರದ ಹಿಂದೆ ಗದ್ದೆ ತುಂಬಿಸಿ ಎಬ್ಬಿಸುತ್ತಿದ್ದ
ಹನ್ನೆರಡು ಮಾಳಿಗೆಯ ಲಿಫ್ಟಿನ ಗುಂಡಿಯಲ್ಲಿ
ಮೊಣಕಾಲುದ್ದ ನೀರು.
ಬಗ್ಗಿ ಟಾರ್ಚು ಬಿಟ್ಟೆ. ಅದೇ ನನ್ನ ಕೆಲಸ.
ಪಾಲಿಕೆಯ ಚೀಲ, ಚೀಲದಲ್ಲಿ ಸೌಟು, ರಿಜಿಸ್ಟರು,
ನೀರು ನಿಂತಲ್ಲೆಲ್ಲ ಸೊಳ್ಳೆಮರಿ ಹುಡುಕುವುದು.

ಮರಿ ಇರಲಿಲ್ಲ. ಒಂದೂ ಇರಲಿಲ್ಲ.
ನೀರಿನ ತೊಗಲಿಗೆ ಬೆನ್ನು ತಾಗಿಸಿ
ಏಳೆಂಟು ಚುಕ್ಕಿ ಮಿನುಗಿದವು,
ನೆತ್ತಿಯಲ್ಲಿ ಬೆಳ್ಳಿಬೊಟ್ಟು ಇಟ್ಟುಕೊಂಡ ಮೀನು.
ಗದ್ದೆ ಹೋದದ್ದನ್ನು ಇವಕ್ಕೆ ಯಾರೂ ಹೇಳಿರಲಿಲ್ಲ.

"ಲಾರ್ವಾ: ಇಲ್ಲ" ಎಂದು ಬರೆದೆ.
ಕಾರಣ ಬರೆಯಲು ಕಾಲಂ ಇರಲಿಲ್ಲ.
"ನಾಳೆ ಕಾಂಕ್ರೀಟು," ಎಂದ ಮೇಸ್ತ್ರಿ.
ಊಟ ಮುಗಿದ ಸ್ಟೀಲ್ ಡಬ್ಬಿಯಲ್ಲಿ ಐದನ್ನು ಎತ್ತಿಕೊಂಡು
ಬೋಳಾರದ ತನಕ ಬಸ್ಸಿನಲ್ಲಿ ನಿಂತೇ ಬಂದೆ,
ಬ್ರೇಕು ಹಾಕಿದಾಗಲೆಲ್ಲ ಮುಚ್ಚಳ ಒತ್ತಿ ಹಿಡಿದು.

ಇವರಿಗೆ ಆಳ ಬೇಡ.
ಅರ್ಧ ತೊಟ್ಟಿ ನೀರು ಧಾರಾಳ ಆಯಿತು.
ನಳ್ಳಿಯದ್ದಾದರೆ ರಾತ್ರಿಯಿಡೀ ಬಕೆಟಿನಲ್ಲಿಟ್ಟು
ಬ್ಲೀಚಿಂಗಿನ ವಾಸನೆ ಹಾರಿಸಬೇಕು.
ಬಾದಾಮಿ ಮರದ ಕೆಂಪೆಲೆ ಒಂದು,
ಕಣ್ಣಚಹಾದ ಬಣ್ಣ ಬರುವಷ್ಟು.
ಗುಳ್ಳೆಯ ಮೋಟರು ಮೆಲ್ಲಗಿರಲಿ;
ಮೇಲೆ ಅಲೆಯೆದ್ದರೆ
ಜಗಲಿಯೇ ಅಲುಗಿದ ಹಾಗೆ ಮೂಲೆ ಸೇರುತ್ತಾರೆ.

ಬಾಯಿ ಆಕಾಶಕ್ಕೆ.
ತಳಕ್ಕಿಳಿದ ಕಾಳು ಇವರ ಪಾಲಿಗೆ ಸತ್ತ ಕಾಳು,
ಕೊಳೆಯುವ ಮೊದಲು ನಾನೇ ಪೈಪಿನಲ್ಲಿ ಎಳೆಯಬೇಕು.
ಮೇಲಿಂದ ಬಿದ್ದದ್ದೇ ಅನ್ನ:
ದೀಪಕ್ಕೆ ಬಂದ ಮಳೆಹುಳ, ಸಕ್ಕರೆ ಡಬ್ಬಿಯ ಇರುವೆ,
ಮತ್ತೆ, ಇದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತೇನೆ,
ಐರಿನ್ ಬಾಯಿಯ ತಾರಸಿಯ ಡ್ರಮ್ಮಿನ ಸೊಳ್ಳೆಮರಿ.
ಎಲ್ಲವನ್ನೂ ನೆಲಕ್ಕೆ ಚೆಲ್ಲಬೇಕೆಂದು ನಿಯಮ.
ಒಂದು ಸೌಟು ಮಾತ್ರ ಉಪ್ಪಿನಕಾಯಿ ಬಾಟ್ಲಿಗೆ.
"ಎಂತ ಬಾಯಿ, ಮಲೇರಿಯ ಸಾಕುವುದಾ ನೀವು?"
ಬೈಯುತ್ತಲೇ ಬಾಟ್ಲಿಯ ಮುಚ್ಚಳ ತಿರುಗಿಸುತ್ತೇನೆ.

ಸೂಪರ್‌ವೈಸರ್ ದೇಜಪ್ಪಣ್ಣ ಒಂದು ಸಂಜೆ ಮನೆಗೆ ಬಂದರು.
ಕಿಟಕಿಯಲ್ಲಿ ಬಾಟ್ಲಿ ನೋಡಿದರು. ನನ್ನ ಮುಖ ನೋಡಿದರು.
"ಎರಡು ದಿನಕ್ಕಿಂತ ಹೆಚ್ಚು ಇಡಬೇಡ ಮಾರಾಯ್ತಿ,
ರೆಕ್ಕೆ ಬರ್ತದೆ."
ಆಮೇಲೆ ತೊಟ್ಟಿಯ ಮುಂದೆ ಕೂತೇ ಬಿಟ್ಟರು,
ಕೊಟ್ಟ ಚಹಾ ಆರುವ ತನಕ.

ಮುಚ್ಚಳದ ವಿಷಯ ಮೊದಲೇ ಹೇಳಬೇಕಿತ್ತು.
ಕಿರುಬೆರಳು ತೂರುವಷ್ಟು ಸಂದು ಸಾಕು.
ಆಟಿಯ ಒಂದು ರಾತ್ರಿ, ಕರೆಂಟಿಲ್ಲ,
ಮೊಂಬತ್ತಿಯಲ್ಲಿ ಇರುವೆ ಉದುರಿಸಿ ಮಲಗಿದ್ದೆ.
ಬೆಳಿಗ್ಗೆ ಹಿಡಿಸೂಡಿಯ ತುದಿಗೆ ಬಂತು ದೊಡ್ಡ ಗಂಡು,
ದಾಲ್ಚಿನ್ನಿ ಚೂರಿನ ಹಾಗೆ ಸುರುಟಿ,
ಬೊಟ್ಟು ಆರಿ.
ಅದರದ್ದು ತಪ್ಪಲ್ಲ.
ಗದ್ದೆಯಲ್ಲಿ ಹುಣಿಯ ಈಚೆಯಿಂದ ಹಾರಿದರೆ
ಆಚೆಗೂ ನೀರೇ ಇತ್ತು.

ಹಸಿರು ಉಲ್ಲನ್ನಿನ ಜುಟ್ಟು ಮಾಡಿ
ಬಾಟ್ಲಿಯ ಬಿರಡೆಗೆ ಕಟ್ಟಿ ತೇಲಿಬಿಟ್ಟಿದ್ದೆ.
ಅದೇ ವಾರ ಎಳೆ ಬಿಡಿಸಿ ನೋಡುತ್ತೇನೆ,
ಸಾಸಿವೆಗಿಂತ ಸಣ್ಣ ಹರಳು,
ಹಿಸುಕಿದರೂ ಒಡೆಯದಷ್ಟು ಬಿಗಿ. ಹನ್ನೊಂದು.
ಬೇರೆ ತಟ್ಟೆಗೆ ಇಟ್ಟೆ,
ಹೆತ್ತವರ ಬಾಯಿಯೂ ಮೇಲ್ಮುಖವೇ ಅಲ್ಲವಾ.
ದಿನ ಕಳೆದು ಒಳಗೆ ಎರಡೆರಡು ಕಪ್ಪು ಚುಕ್ಕಿ ಮೂಡಿ
ಟಾರ್ಚಿನ ಬೆಳಕಿಗೆ ತಿರುಗಿದವು.
ಇಷ್ಟು ವರ್ಷ ನೀರಿನೊಳಗೆ ಇಣುಕಿದ್ದೇನೆ,
ನೀರು ನನ್ನನ್ನು ಇಣುಕಿದ್ದು ಅದೇ ಮೊದಲು.

ಈಗ ಆ ಕಟ್ಟಡದಲ್ಲಿ ಜನ ಬಂದಿದ್ದಾರೆ.
ಗೇಟಿನ ಹತ್ತಿರ ಚಂದಕ್ಕೊಂದು ತಾವರೆಕೊಳ,
ಕೊಳದ ತುಂಬ ಸೊಳ್ಳೆಮರಿ.
ನೋಟೀಸು ಕೊಡಬಹುದಿತ್ತು.
ಮರುದಿನ ಸ್ಟೀಲ್ ಡಬ್ಬಿ ಬಗ್ಗಿಸಿದೆ.
"ಎಂತ ಹಾಕಿದ್ರಿ ಮೇಡಂ?" ಕೇಳಿದ ವಾಚ್‌ಮನ್.
"ಔಷಧ," ಎಂದೆ.

ಆ ಕೊಳಕ್ಕೆ ಮುಚ್ಚಳ ಇಲ್ಲ
ಎಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.